ಸೆನೋಬಿಯಾ ಟೀಚರ ಜೋಡಿ ಉಕ್ತಲೇಖನ

ಸೆನೋಬಿಯಾ ತಿಕೋನಾ ಮೂವತ್ತೊಂದು ವರ್ಷ ಐದನೆಯ ತರಗತಿಗೆ ಪಾಠ ಹೇಳಿದರು. ಸರೋವರದ ದಡದ ಆ ಶಾಲೆಗೆ ತಗಡಿನ ಮಾಡು. ಆಲಿಕಲ್ಲು ಬಿದ್ದರೆ ಪಾಠ ನಿಲ್ಲುತ್ತಿತ್ತು. ಟೀಚರು ಲಂಗದ ಜೇಬಿನಿಂದ ಹುರಿದ ಕಾಳು ತೆಗೆದು ಹಂಚುತ್ತಿದ್ದರು. ಸಂಜೆ ಮಕ್ಕಳಿಗೆ ಸಿಕು ಊದಲು ಕಲಿಸುತ್ತಿದ್ದರು. ಸಿಕು ಎಂದರೆ ಜೊಂಡಿನ ಕೊಳವೆಗಳ ಸಾಲು. ಒಬ್ಬರ ಕೈಯಲ್ಲಿ ಅರ್ಧ ಸ್ವರಗಳು, ಜೊತೆಯವರ ಕೈಯಲ್ಲಿ ಉಳಿದರ್ಧ. ಇಬ್ಬರೂ ಸರದಿಯಂತೆ ಊದಿದರಷ್ಟೇ ಹಾಡು.

ಒಂದು ವರ್ಷ ಅವರ ತರಗತಿಗೆ ಹುಸ್ತೀನಾ ಎಂಬ ಹತ್ತು ವರ್ಷದ ಹುಡುಗಿ ಬಂದಳು. ಗದ್ದಲದ ತರಗತಿಯಲ್ಲಿ ಟೀಚರು ಉಕ್ತಲೇಖನಕ್ಕೆ 'ಸರೋವರದಲ್ಲಿ ಪಾತೊ ಈಜುತ್ತದೆ' ಎಂದರೆ ಅವಳು 'ಗಾತೊ' ಎಂದು ಬರೆದಳು. ಬಾತುಕೋಳಿಯ ಬದಲು ಬೆಕ್ಕು ನೀರಿಗಿಳಿಯಿತು. ತರಗತಿಯೆಲ್ಲ "ಮ್ಯಾವ್" ಎಂದಿತು.

ಮುಖ್ಯೋಪಾಧ್ಯಾಯ ದೋನ್ ಅನಿಸೆತೊ ನಗಲಿಲ್ಲ. "ಈ ಹುಡುಗಿಗೆ ಗಮನವೇ ಇಲ್ಲ ಟೀಚರೇ. ವರ್ಷದ ಕೊನೇಲಿ ಉಕ್ತಲೇಖನ ನಾನೇ ಕೊಡ್ತೀನಿ. ಫೇಲಾದ್ರೆ ಮತ್ತೆ ಐದನೇ ಕ್ಲಾಸೇ!"

ತಾಯಿ ಬಸೀಲಿಯಾ ಮಗಳನ್ನು ಪಟ್ಟಣದ ಡಾಕ್ಟರಿಗೆ ತೋರಿಸಿಕೊಂಡು ಬಂದಳು.

"ಕಿವಿ ಚೆನ್ನಾಗೇ ಇದೆಯಂತೆ ಟೀಚರೇ. ಗದ್ದಲದಲ್ಲಿ ಒಂದೇ ದನಿ ಹೆಕ್ಕಿ ಹಿಡಿಯೋದು ಮಕ್ಕಳಿಗೆ ನಿಧಾನವಾಗಿ ಬರತ್ತಂತೆ. ಹದಿನಾಲ್ಕು ಹದಿನೈದರ ತನಕ ಬಲೀತಾನೇ ಇರತ್ತಂತೆ. ಇವಳಿಗೆ ಸ್ವಲ್ಪ ತಡ. ಆ ತಡ ಮಾತ್ರ ಇವಳಪ್ಪನ ಕಡೆಯಿಂದ ಬಂದಿದ್ದು!"

ಸೆನೋಬಿಯಾ ಯೋಚಿಸಿದರು. ಸಂಜೆ ಡೋಲುಗಳ ಅಬ್ಬರದಲ್ಲೂ ಜೊತೆಗಾತಿ ಎದುರಿಗಿದ್ದರೆ ಹುಸ್ತೀನಾ ಸಿಕುವಿನ ಸರದಿ ತಪ್ಪಿಸುತ್ತಿರಲಿಲ್ಲ. ಸೋಮವಾರ ಅವರು ಮಕ್ಕಳನ್ನು ಜೋಡಿಜೋಡಿಯಾಗಿ ಎದುರುಬದುರು ಕೂರಿಸಿದರು. ಒಂದು ಪದ ಒಬ್ಬರು ಬರೆಯಬೇಕು, ಮುಂದಿನದು ಇನ್ನೊಬ್ಬರು.

"ಕೇಳಿಸದಿದ್ರೆ ಜಾಗ ಬಿಡಿ. ಸುಮ್ನೆ ಬಾಯಿಗೆ ಬಂದಿದ್ದು ಊದಬೇಡಿ."

"ಬರೆಯೋದಕ್ಕೆ ಊದೋದು ಅಂತೀರಲ್ಲ ಟೀಚರೇ!"

"ನಿಮ್ಮ ಅಕ್ಷರ ನೋಡಿದ್ರೆ ಹಾಗೇ ಅನ್ಸತ್ತೆ."

ತಿಂಗಳುಗಟ್ಟಲೆ ಹೀಗೆ ನಡೆಯಿತು. ಊಹೆಯ ಬೆಕ್ಕುಗಳು ಕಡಿಮೆಯಾದವು.

ಪರೀಕ್ಷೆಯ ದಿನ ಹೊರಗೆ ಚೆಂಡಾಟದ ಕೂಗು. ದೋನ್ ಅನಿಸೆತೊ ಕೋಣೆಯಲ್ಲಿ ಅತ್ತಿಂದಿತ್ತ ನಡೆಯುತ್ತ ಓದಿದರು. ಸೆನೋಬಿಯಾ ಬಾಗಿಲಲ್ಲಿ ನಿಂತಿದ್ದರು. ಕೊನೆಗೆ ದೋನ್ ಅನಿಸೆತೊ ಹುಸ್ತೀನಾಳ ಹಾಳೆ ಎತ್ತಿದರು. ಹನ್ನೊಂದು ಕಡೆ ಖಾಲಿ.

"ಇದೇನು ಟೀಚರೇ, ಹಲ್ಲು ಉದುರಿದ ಬಾಯಿ ಇದ್ದ ಹಾಗಿದೆ!"

"ಬರೆದಿರೋದ್ರಲ್ಲಿ ಒಂದಾದ್ರೂ ತಪ್ಪಿದ್ಯಾ, ದೋನ್ ಅನಿಸೆತೊ?"

ಅವರು ಕನ್ನಡಕ ಹಾಕಿಕೊಂಡು ಸಾಲುಸಾಲಾಗಿ ಹುಡುಕಿದರು. ಒಂದೂ ಸಿಗಲಿಲ್ಲ.

"ಯಾವ್ದು ಕೇಳಿಸ್ಲಿಲ್ಲ ಅನ್ನೋದು ಅವಳಿಗೆ ಗೊತ್ತು. ಅಷ್ಟನ್ನ ಎದುರಿಗೆ ಕೂತು ಇನ್ನೊಮ್ಮೆ ಓದಿ ನೋಡಿ."

ಅವರು ಗೊಣಗುತ್ತಲೇ ಬಾಗಿಲು ಮುಚ್ಚಿ, ಸ್ಟೂಲು ಎಳೆದು ಕೂತರು. ಹುಸ್ತೀನಾ ಹನ್ನೊಂದನ್ನೂ ತುಂಬಿದಳು. ಒಂದರಲ್ಲಿ ಕಾಗುಣಿತ ತಪ್ಪಿತ್ತು.

"ಇದು?" ಎಂದು ಅವರು ಬೆರಳಿಟ್ಟರು.

"ಅದು ಕಿವಿಯ ತಪ್ಪಲ್ಲ, ನನ್ನ ಪಾಠದ್ದು," ಎಂದರು ಸೆನೋಬಿಯಾ.

ದೋನ್ ಅನಿಸೆತೊ ನಕ್ಕುಬಿಟ್ಟರು. ರಿಜಿಸ್ಟರಿನಲ್ಲಿ 'ಆರನೆಯ ತರಗತಿ' ಎಂದು ಬರೆದರು.

ನಾಲ್ಕು ವರ್ಷಗಳ ಮೇಲೆ ಒಂದು ಮಧ್ಯಾಹ್ನ ಸೆನೋಬಿಯಾ ಹಿರಿಯ ಮಕ್ಕಳ ತರಗತಿಯ ಪಕ್ಕದಲ್ಲಿ ಹಾದುಹೋಗುತ್ತಿದ್ದರು. ಒಳಗೆ ಮೇಷ್ಟರು ಗುಡುಗಿದರು: "ಹುಸ್ತೀನಾ! ಹಿಂದಿನ ಬೆಂಚಲ್ಲಿ ಅದೇನು ಹರಟೆ? ನಾನೀಗ ಏನು ಹೇಳ್ದೆ?"

ಹುಡುಗಿ ಎದ್ದು ನಿಂತು, ಅವರ ವಾಕ್ಯವನ್ನು ಒಂದಕ್ಷರ ಬಿಡದೆ ಒಪ್ಪಿಸಿದಳು. ಗೆಳತಿಯರು ಕಿಸಕ್ಕನೆ ನಕ್ಕರು. ಮೇಷ್ಟರು ಇನ್ನಷ್ಟು ಬೈದರು. ಹರಟೆಯ ನಡುವೆಯೂ ಹುಸ್ತೀನಾಳ ಕಿವಿ ಮೇಷ್ಟರ ದನಿಯನ್ನು ಹೆಕ್ಕಿ ಹಿಡಿದಿತ್ತು. ಬೈಸಿಕೊಳ್ಳಲಿ ಎಂದು ಸೆನೋಬಿಯಾ ನಗುತ್ತ ಮುಂದೆ ನಡೆದರು.