ಫಟಫಟಿಯ ದೀಪಕ್ಕೆ ಹಿತ್ತಾಳೆಯ ಛಜ್ಜಾ

ನಮ್ಮ ಮನೆತನದಲ್ಲಿ ಮೊದಲು ಪದವಿ ಪಡೆದವನು ನಾನು. ಹೀಗೆ ಬರೆದುಕೊಳ್ಳಲು ನನಗೆ ಸಂಕೋಚವಿಲ್ಲ. ಕುರಿ ಕಾಯುವವರ ಮನೆಯಿಂದ ಹೊರಟು, ಹೈದರಾಬಾದಿನಲ್ಲಿ ಯಾರ್ಯಾರದೋ ಜಗುಲಿಯ ಮೇಲೆ ಮಲಗಿ, ಉರ್ದುವಿನಲ್ಲಿ ವಿಜ್ಞಾನ ಓದಿ ಪಾಸಾದವನು. ಆಮೇಲೆ ಉದಗೀರಿನ ಶಾಲೆಯಲ್ಲಿ ಮಾಸ್ತರಿಕೆ ಸಿಕ್ಕಿತು. ಅದು ನಿಜಾಮರ ಕಾಲ. ಹಳ್ಳಿಯಿಂದ ಬಂದ ಮಾಸ್ತರರು ಉದಗೀರಿನಲ್ಲಿ ಒಂದು ಕೋಣೆ ಹಿಡಿದು ಒಬ್ಬರೇ ಇರುವುದು ರೂಢಿ. ನನಗೆ ಅದು ಬೇಡವಾಗಿತ್ತು. ಓದುವ ವರ್ಷಗಳನ್ನೆಲ್ಲ ಪರ ಊರಿನಲ್ಲಿ ಕಳೆದಿದ್ದೆ. ಮದುವೆಯಾಗಿ ಇನ್ನೂ ವರ್ಷ ತುಂಬಿರಲಿಲ್ಲ. ವಲಾಂಡಿ ದಾರಿಯ ನಮ್ಮ ಹಳ್ಳಿಯಲ್ಲಿ, ನಮ್ಮ ಮನೆಯಲ್ಲೇ ಉಂಡು ಮಲಗಿ, ಬೆಳಗ್ಗೆ ಶಾಲೆಗೆ ಹೋಗಬೇಕು ಎಂಬುದೊಂದೇ ಆಸೆ.

ಅದಕ್ಕಾಗಿಯೇ, ವರ್ಗವಾಗಿ ಹೋಗುತ್ತಿದ್ದ ಡಾಕ್ಟರರೊಬ್ಬರಿಂದ ಹಳೆಯ ಮೋಟರ್ ಸೈಕಲ್ ಕೊಂಡೆ. ನಮ್ಮ ಕಡೆ ಅದಕ್ಕೆ ಫಟಫಟಿ ಎನ್ನುತ್ತಾರೆ. ಗಾಡಿ ಗಟ್ಟಿಯಾಗಿತ್ತು. ಮುಂದಿನ ದೀಪ ಮಾತ್ರ ಸುಮಾರು. ಗಾಜನ್ನು ಹಿಡಿದಿಡುವ ಸುತ್ತಿನ ಬಳೆ ಎಲ್ಲೋ ಬಿದ್ದುಹೋಗಿ, ಡಾಕ್ಟರರು ಅದನ್ನು ತಂತಿಯಿಂದ ಬಿಗಿದಿದ್ದರು. ಕಲ್ಲಿನ ದಾರಿಯಲ್ಲಿ ಗಾಜು ಗಡಗಡ ಅನ್ನುತ್ತಿತ್ತು, ಬೆಳಕು ಮರದ ತುದಿಯವರೆಗೂ ಚೆಲ್ಲುತ್ತಿತ್ತು.

ದೀಪಾವಳಿ ಕಳೆದು ಹೊತ್ತು ಬೇಗ ಮುಳುಗತೊಡಗಿದಾಗ ತೊಂದರೆ ಶುರುವಾಯಿತು. ನಾನು ಶಾಲೆಯಿಂದ ಮರಳುವ ಹೊತ್ತಿಗೇ ಅಪ್ಪ ನಿಲಂಗಾ ಕಡೆಯ ಬೀಳಿನಿಂದ ಹಿಂಡು ಹೊಡೆದುಕೊಂಡು ಅದೇ ದಾರಿಗೆ ಬರುತ್ತಿದ್ದ. ಬೆಳಕು ಕಣ್ಣಿಗೆ ಬಿದ್ದದ್ದೇ ತಡ, ಕುರಿಗಳು ಪಕ್ಕದ ತೊಗರಿ ಹೊಲಕ್ಕೆ ನುಗ್ಗುತ್ತಿದ್ದವು. ಹೊಲದ ಯಜಮಾನರು ಮರುದಿನ ಬಂದು ಅಪ್ಪನ ಮುಂದೆ ನಿಂತು ಮಾತಾಡಿ ಹೋಗುತ್ತಿದ್ದರು.

“ಸಪ್ಪಳಕ್ಕ ಕುರಿ ಹೆದರಂಗಿಲ್ಲ. ಸಪ್ಪಳ ದೂರಿಂದ ಬರ್ತದ, ರೂಢಿ ಆಗ್ತದ,” ಎಂದ ಅಪ್ಪ. “ಆ ಬೆಳಕು ಅದ ಅಲ್ಲ, ಅದು ತ್ವಾಳ ಬಂದಂಗ ಬರ್ತದ.”

“ಕುರಿ ಕಂಡ ಕೂಡ್ಲೆ ದೀಪ ಆರಸ್ತೀನಪ್ಪಾ.”

“ನಿನಗ ಕುರಿ ಕಾಣೂದರಾಗ ಕುರಿಗಿ ನೀ ಕಂಡಿರ್ತಿ. ಆಮ್ಯಾಲೆ ಆರ್ಸಿದ್ರ, ನಾ ಕತ್ತಲದಾಗ ತೊಗರ್ಯಾಗ ನಿಂತು ಕುರಿ ಹುಡುಕಲೇನು? ನೋಡು ತಮ್ಮಾ, ಆ ದೀಪ ತಲಿ ತಗ್ಗಿಸಿ ಬರೂದು ಕಲೀಲಿ. ಶುಕ್ರವಾರ ಸಂಜಿ ತನಕ ನೋಡ್ತೀನಿ. ಇಲ್ಲಾಂದ್ರ ನೀ ಉದಗೀರದಾಗೇ ಇರು.”

ಅಪ್ಪ ಸಿಟ್ಟಿನಿಂದ ಹೇಳಲಿಲ್ಲ. ಅದಕ್ಕೇ ಆ ಮಾತು ಬದಲಾಗುವುದಲ್ಲ ಎಂದು ಗೊತ್ತಾಯಿತು.

ಉದಗೀರಿನಲ್ಲಿ ಫಟಫಟಿಯ ಸಾಮಾನು ಸಿಗುತ್ತಿರಲಿಲ್ಲ. ಚೌಬಾರಾದ ಹತ್ತಿರ ಹಿತ್ತಾಳೆ, ತಾಮ್ರದ ಪಾತ್ರೆ ಬಡಿಯುವ ತಾಂಬಟರೊಬ್ಬರ ಅಂಗಡಿ ಇತ್ತು. ಅವರನ್ನು ಎಲ್ಲರೂ ಕಾಕಾ ಎನ್ನುತ್ತಿದ್ದರು. ದೀಪಕ್ಕೆ ಗಾಜು ಬಿಗಿಯುವ ಒಂದು ಬಳೆ ಬೇಕು, ಬೆಳಕು ಮೇಲೆ ಹೋಗದಂತೆ ತಡೆಯುವ, ಕಿಟಕಿಯ ಮೇಲಿನ ಸೂರಿನಂಥ ಒಂದು ಛಜ್ಜಾ ಬೇಕು ಎಂದು ನೆಲದ ಮೇಲೆ ಇದ್ದಲಿನಿಂದ ಗೆರೆ ಎಳೆದು ತೋರಿಸಿದೆ.

“ಕಾಯ್ ಮಾಸ್ತರ್, ಏನ್ರೀ ಇದು! ಹಂಡೆ ಮಾಡೀನಿ, ಕೊಡ ಮಾಡೀನಿ, ದೇವರಿಗಿ ಮುಖ ಮಾಡೀನಿ. ದೀಪಕ್ಕ ಟೋಪಿ ತೊಡಿಸಿಲ್ರೀ,” ಎಂದು ಕಾಕಾ ನಕ್ಕರು. “ನಿಮ್ಮ ಫಟಫಟಿ ಮದಿವಿ ಏನಾರ ಅದೇನು? ಬಾಶಿಂಗ ಕಟ್ಟಲಕತ್ತೀರಿ!”

“ಮದಿವಿ ಆಗ್ಯದ ಕಾಕಾ, ನಂದು. ಅದು ನೆಟ್ಟಗ ನಡೀಲಿ ಅಂತೇ ಇದು.”

ಬಾಯಿತುಂಬ ನಕ್ಕು, ಗುರುವಾರ ಬನ್ನಿ ಎಂದರು.

ಗುರುವಾರ ಶಾಲೆ ಬಿಟ್ಟೊಡನೆ ಹೋದೆ. ಕೆಲಸ ಅಚ್ಚುಕಟ್ಟಾಗಿತ್ತು. ಬಳೆಯ ಬೆಸುಗೆ ಎಲ್ಲಿದೆಯೆಂದು ಹುಡುಕಬೇಕು. ಛಜ್ಜಾ ಅರ್ಧಚಂದ್ರದ ಹಾಗೆ ಬಾಗಿತ್ತು. ಬಾವಿಯಿಂದ ನೀರೆತ್ತುವ ಮೋಟಿನ ಹಳೆಯ ತೊಗಲನ್ನು ಸುತ್ತಾಗಿ ಕತ್ತರಿಸಿ, ಗಾಜು ಅಲುಗದಂತೆ ಅದರ ಹಿಂದೆ ಕೂರಿಸಿದೆವು. ಛಜ್ಜಾದ ಮಡಿಚಿದ ಅಂಚನ್ನು ಗಾಜಿನ ಮೇಲ್ಭಾಗಕ್ಕೆ ಹೊಂದಿಸಿ, ಎಲ್ಲದರ ಮೇಲೆ ಬಳೆ ಒತ್ತಿದೆವು. ನಾನು ಎರಡೂ ಅಂಗೈಯಿಂದ ಬಳೆ ಹಿಡಿದೆ, ಕಾಕಾ ಕೆಳಗಿನ ತಿರುಪು ಬಿಗಿದರು. ಒಂದೇ ಕಡೆ ಒತ್ತು ಬಿದ್ದರೆ ಗಾಜು ಸೀಳುತ್ತದೆ. ಇಬ್ಬರೂ ಉಸಿರು ಹಿಡಿದುಕೊಂಡಿದ್ದೆವು. ಬಿಗಿದ ಮೇಲೆ ಬೆರಳಿನಿಂದ ತಟ್ಟಿದೆ. ಗಡಗಡ ಇರಲಿಲ್ಲ.

ಛಜ್ಜಾದ ಒಳಮೈ ಬೆಳ್ಳಿಯಂತೆ ಹೊಳೆಯುತ್ತಿತ್ತು. ಕಾಕಾ ಅದಕ್ಕೆ ತವರದ ಕಲಾಯಿ ಹಾಕಿಸಿದ್ದರು. ನಾನು ಹೇಳಿರಲಿಲ್ಲ, ಅವರೂ ಕೇಳಿರಲಿಲ್ಲ. ನಮ್ಮ ಕಡೆ ಹಿತ್ತಾಳೆ ಎಂದರೆ ಒಳಗೆ ಕಲಾಯಿ ಇರಲೇಬೇಕು, ಇಲ್ಲವಾದರೆ ಹುಳಿ ಕಿಲುಬುತ್ತದೆ. ದೀಪದಲ್ಲಿ ಯಾರೂ ಸಾರು ಕಾಯಿಸುವುದಿಲ್ಲ ಎಂಬುದು ಹಗಲು ಬೆಳಕಿನಲ್ಲಿ ಇಬ್ಬರಿಗೂ ಹೊಳೆಯಲಿಲ್ಲ. “ಭಾರಿ ಚಂದ ಆಗ್ಯದ ಕಾಕಾ,” ಎಂದು ಹೇಳಿಯೇ ಹೊರಟೆ.

ಅಂದು ಮುಚ್ಚಂಜೆಯಲ್ಲಿ ಊರ ಸಮೀಪ ಹಿಂಡು ಎದುರಾಯಿತು. ಛಜ್ಜಾದ ಕೆಳಗಿನ ಹೊಳಪು ಬೆಳಕನ್ನೆಲ್ಲ ಹಿಡಿದು ಮುಂದಕ್ಕೆ ಎಸೆಯಿತು. ಮೊದಲಿದ್ದದ್ದು ಒಂದು ದೀಪ, ಈಗ ಎರಡಾದ ಹಾಗೆ. ಮುಂದಿನ ಟಗರು ಒಂದು ಜಿಗಿತಕ್ಕೆ ತೊಗರಿಯೊಳಗೆ. ಅದರ ಹಿಂದೆ ಎಲ್ಲವೂ.

ಅಪ್ಪ ಕುರಿಗಳನ್ನು ಹೊರಗೆ ತಂದು ಕಂಬಳಿ ಹೆಗಲಿಗೆ ಹಾಕಿಕೊಂಡ. “ತಲಿ ತಗ್ಗಸು ಅಂದ್ರ ಕಿರೀಟ ಹಾಕ್ಕೊಂಡು ಬಂದೀಯಲ್ಲೋ,” ಎಂದ. 

ನಿಜಾಮರ ರಾಜ್ಯದಲ್ಲಿ ವಾರದ ರಜೆ ಶುಕ್ರವಾರ; ಶಾಲೆ ಇರಲಿಲ್ಲ. ಬೆಳಗ್ಗೆ ಛಜ್ಜಾ ಬಿಚ್ಚಿ ಅಂಗಳದಲ್ಲಿ ಕುಳಿತೆ. ಹೊಳೆಯುವ ಮೈ ಬೆಳಕನ್ನು ತಿರುಗಿಸುತ್ತದೆ, ಕಪ್ಪು ಮೈ ನುಂಗುತ್ತದೆ. ಉರ್ದುವಿನಲ್ಲಿ ಬಾಯಿಪಾಠ ಮಾಡಿ, ಪರೀಕ್ಷೆಯಲ್ಲಿ ಬರೆದು ಬಂದದ್ದು. ಅದನ್ನು ಹೆಂಡತಿಗೆ ಕನ್ನಡದಲ್ಲಿ ಹೇಳುತ್ತಿದ್ದಾಗ ನನಗೇ ಖುಷಿಯಾಯಿತು. ನಮ್ಮ ಅಂಗಳದಲ್ಲಿ ಅಂಥ ಮಾತು ಮೊದಲ ಸಲ ಆಡಿದ್ದು.

“ಹಂಗಾದ್ರ ಕಪ್ಪು ಬಳೀರಿ. ಅದಕ್ಯಾಕ ಇಷ್ಟು ಪುರಾಣ?” ಎಂದಳು.

“ಬಣ್ಣ ಎಲ್ಲಿ ತರ್ಲಿ? ಹೈದರಾಬಾದಿಗಿ ಹೋಗ್ಬೇಕು.”

“ನನ್ನ ಕಣ್ಣಿಗಿ ಹಚ್ಚೂ ಕಾಡಿಗಿ ಏನು ಹೈದರಾಬಾದಿಂದ ಬರ್ತದ?”

ಔಡಲೆಣ್ಣೆಯ ದೀಪ ಹಚ್ಚಿ, ಮೇಲೆ ತಾಟು ಕವುಚಿ, ಮಸಿ ಹಿಡಿದಳು. ಎಣ್ಣೆಯಲ್ಲಿ ಕಲಸಿದರೆ ದೀಪದ ಕಾವಿಗೆ ಗಾಜಿನ ಮೇಲೆ ಇಳಿಯುತ್ತದೆ ಎಂದು ನಾನು ತಡೆದೆ. ಜಾಲಿಯ ಅಂಟು ನೀರಿಗೆ ಹಾಕಿ ಅದರಲ್ಲಿ ಕಲಸಿದೆವು. ಕಲಾಯಿಯ ಮೇಲೆ ಅದು ನಿಲ್ಲದೆ ಜಾರಿತು. ಬೂದಿ, ಇಟ್ಟಿಗೆ ಪುಡಿಯಿಂದ ಉಜ್ಜಿ ಉಜ್ಜಿ ಹೊಳಪು ಕೆಡಿಸಿದೆ. ಆಮೇಲೆ ಹಿಡಿಯಿತು. ಬಿಸಿಲಿಗಿಟ್ಟು ಒಣಗಿಸಿ, ಮತ್ತೊಂದು ಸಲ ಬಳಿದೆವು. ಬಳೆ ಬಿಗಿಯುವಾಗ ಕಾಕಾ ಇರಲಿಲ್ಲ. ಅವಳು ಅಂಗೈಯಿಂದ ಒತ್ತಿ ಹಿಡಿದಳು, ನಾನು ತಿರುಪು ತಿರುಗಿಸಿದೆ.

“ಸೀಳಿದ್ರ?” ಎಂದಳು ಮೆಲ್ಲಗೆ.

“ಸೀಳಿದ್ರ ನಾ ಉದಗೀರದಾಗ, ನೀ ಇಲ್ಲಿ.”

ಅವಳ ಕೈ ಇನ್ನಷ್ಟು ಗಟ್ಟಿಯಾಯಿತು. ಗಾಜು ಸೀಳಲಿಲ್ಲ.

ಸಂಜೆ ಹಿಂಡು ಬರುವ ಹೊತ್ತು ನೋಡಿ, ದೀಪ ಹಚ್ಚಿ ಎದುರಿಗೆ ಹೋದೆ. ಬೆಳಕು ಗಾಲಿಯ ಮುಂದೆ ನೆಲದ ಮೇಲೆ, ಹಾಸಿದ ಕಂಬಳಿಯಂತೆ ಬಿದ್ದಿತ್ತು. ಅದರಾಚೆ ಕತ್ತಲೆ. ದಾರಿಯ ಪಕ್ಕಕ್ಕೆ ನಿಂತೆ, ದೀಪ ಆರಿಸಲಿಲ್ಲ. ಟಗರು ಬಂತು, ಬೆಳಕಿನ ಅಂಚಿಗೆ ನಿಂತು ಮೂಸಿತು, ಸುತ್ತು ಹಾಕಿ ಮುಂದೆ ಹೋಯಿತು. ಹಿಂಡು ಅದರ ಬೆನ್ನಿಗೆ ಸಾಗಿತು. ಬೆಳಕಿನಲ್ಲಿ ಬರೀ ಕಾಲುಗಳು, ಧೂಳು. ತೊಗರಿ ಅಲುಗಲಿಲ್ಲ.

ಅಪ್ಪ ಕೊನೆಗೆ ಬಂದ. ದೀಪದ ಮುಂದೆ ಬಗ್ಗಿ, ಛಜ್ಜಾದ ಕೆಳಗೆ ಬೆರಳಾಡಿಸಿದ. ಬೆರಳು ಕಪ್ಪಾಯಿತು. ಧೋತರಕ್ಕೆ ಒರೆಸಿಕೊಂಡು ಹಿಂಡಿನ ಹಿಂದೆ ನಡೆದ. 

ಉಣ್ಣಲು ಕುಳಿತಾಗ ಒಲೆಯ ಕಡೆ ಮುಖ ಮಾಡಿ ಸೊಸೆಗೆ ಹೇಳಿದ: “ನಾಳಿಂದ ಇವನಿಗಿ ಬುತ್ತಿ ಕಟ್ಟವ್ವಾ. ದಿನಾ ಹೋಗಿ ಬರ್ತಾನ.”

“ಎಷ್ಟು ರೊಟ್ಟಿ ಕಟ್ಲೀರಿ ಮಾವಾ?”

“ಜಾಸ್ತಿನೇ ಕಟ್ಟು. ಹೋಗೂದೂ ದೂರ, ಬರೂದೂ ದೂರ.”

ಮರುದಿನ ಹ್ಯಾಂಡಲಿಗೆ ಬುತ್ತಿಯ ಗಂಟು ಕಟ್ಟಿಕೊಂಡೆ. ಅದು ಛಜ್ಜಾಕ್ಕೆ ತಾಗಿ ಮಸಿಯಾಗದಂತೆ ಹಿಂದಕ್ಕೆ ಸರಿಸಿ, ಫಟಫಟಿ ಶುರು ಮಾಡಿದೆ.