ಕಂಬಳಿಯ ಮೇಲೆ ಕೂತು ಆಡಿದ ಮಾತು

ಹಳೆಯ ಕಂಬಳಿಯನ್ನು ಟ್ರಂಕಿನಿಂದ ತೆಗೆದರೆ ಮೊದಲು ಮೂಗಿಗೆ ಬರುವುದು ಉಣ್ಣೆಯ ವಾಸನೆಯಲ್ಲ, ಹುಣಸೆಬೀಜದ ಗಂಜಿಯ ವಾಸನೆ. ಬೀಜ ಹುರಿದು, ಕುಟ್ಟಿ, ಕುದಿಸಿ, ಆ ಗಂಜಿಯನ್ನು ನೂಲಿಗೆ ಬಳಿದ ಮೇಲೆಯೇ ನಮ್ಮ ಮನೆಯಲ್ಲಿ ಕಂಬಳಿ ನೇಯುತ್ತಿದ್ದದ್ದು. ಸ್ವಲ್ಪ ಹುಳಿ, ಸ್ವಲ್ಪ ಸೀದದ್ದು, ಅದರ ಹಿಂದೆ ಕುರಿಯ ಮೈಯ ಬಿಸಿ. ಹೋದ ತಿಂಗಳು ಬೇವೂರಿನ ದಾರಿಯಲ್ಲಿರುವ ನಮ್ಮ ತವರುಮನೆಯಲ್ಲಿ ಅವ್ವ ಆ ಟ್ರಂಕಿನ ಮುಚ್ಚಳ ಎತ್ತಿದಾಗ ನಾನು ಬಾಗಿಲಲ್ಲೇ ನಿಂತುಬಿಟ್ಟೆ. ಮರುದಿನ ಊರಿಗೆ ಅಣುಸ್ಥಾವರದ ಅಧಿಕಾರಿಗಳು ಬರುವವರಿದ್ದರು. ದೇಶಕ್ಕೆ ಇನ್ನಷ್ಟು ಕರೆಂಟು ಬೇಕಂತೆ, ಅದಕ್ಕೆ ಇನ್ನಷ್ಟು ಸ್ಥಾವರ ಬೇಕಂತೆ, ನಮ್ಮ ಹಿನ್ನೀರೂ ನಮ್ಮ ಕಲ್ಲುನೆಲವೂ ಅದಕ್ಕೆ ಹೇಳಿ ಮಾಡಿಸಿದ ಹಾಗಿವೆಯಂತೆ. ಸುದ್ದಿ ಕೇಳಿದವಳೇ ಬಾದಾಮಿ ಸ್ಟೇಷನ್ನಿನ ಹತ್ತಿರ ಇರುವ ನನ್ನ ಹೊಲಿಗೆ ಅಂಗಡಿಗೆ ಬೀಗ ಹಾಕಿ, ತಮ್ಮನ ಸಂಸಾರ ಏನಾದರೂ ಮಾಡಿಕೊಳ್ಳಲಿ, ಅವ್ವನನ್ನು ಮಾತ್ರ ನನ್ನ ಜೊತೆ ಕರೆದುಕೊಂಡು ಹೋಗಿಬಿಡುತ್ತೇನೆ ಎಂದು ಬಂದಿದ್ದೆ. ಆಕೆಯೋ ಬರುವವರ ಮುಂದೆ ಹಾಸಲು ಕಂಬಳಿ ಕೊಡವುತ್ತಿದ್ದಳು. ಬೇಡವೆಂದು ಎರಡು ಸಲ ಹೇಳಿದೆ. ಕೇಳಿಸಿಕೊಂಡ ಹಾಗೆ ಕಾಣಲಿಲ್ಲ.

ನಾನು ಹುಟ್ಟಿದ ಊರು ಈಗ ಅಣೆಕಟ್ಟಿನ ಅದೇ ಹಿನ್ನೀರಿನ ಒಳಗಿದೆ. ಬಾಗಲಕೋಟೆಯ ಸುತ್ತಮುತ್ತಲಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮುಳುಗಡೆ ಎಂಬ ಒಂದು ಮಾತು ಸಾಕು, ನಿಮಗೂ ಒಂದು ಕಟ್ಟೆ, ಒಂದು ಬೇವಿನ ಗಿಡ, ಯಾರದೋ ಮನೆಯ ಹೊಸ್ತಿಲು ಕಣ್ಣಮುಂದೆ ಬಂದು ನಿಲ್ಲುತ್ತದೆ. ನಮ್ಮೂರಲ್ಲಿ ನದಿಯ ದಂಡೆಗೆ ಬೀರಪ್ಪನ ಗುಡಿ, ಗುಡಿಯ ಮೇಲ್ಗಡೆ ನಮ್ಮ ಮಣ್ಣಿನ ಮಾಳಿಗೆ ಮನೆ. ಪಡಸಾಲೆಯಲ್ಲಿ ಕುಣಿಮಗ್ಗವಿತ್ತು, ಅಪ್ಪ ಆ ಕುಣಿಯೊಳಗೆ ಕಾಲು ಇಳಿಬಿಟ್ಟು ಕೂತರೆ ಸೊಂಟದ ಮೇಲಿನ ಅಪ್ಪ ಮಾತ್ರ ನಮಗೆ ಕಾಣುತ್ತಿದ್ದ. ಅಂಗಳದಲ್ಲಿ ಅವ್ವ ಗಂಜಿ ಕುದಿಸುತ್ತಿದ್ದಳು. ಅವಳ ಕೈಯ ರೊಟ್ಟಿಗೂ ಅದರ ವಾಸನೆ ಹತ್ತಿರುತ್ತಿತ್ತು, ನಾವು ಮೂಗು ಮುರಿದರೆ ಹಾಗಾದರೆ ಉಪವಾಸ ಮಲಗು ಎನ್ನುತ್ತಿದ್ದಳು. ಸಂಜೆ ಕುರಿಗಳು ಓಣಿಗೆ ಬಂದಾಗ ಏಳುವ ಧೂಳು ಇಳಿಯುವ ತನಕ ಯಾರ ಮಾತೂ ಯಾರಿಗೂ ಕೇಳುತ್ತಿರಲಿಲ್ಲ. ಆ ಗದ್ದಲದಲ್ಲೇ ನಾನು ಬೆಳೆದೆ, ಈಗಲೂ ಮೌನವಾದ ಮನೆಯಲ್ಲಿ ನನಗೆ ಸರಿಯಾಗಿ ನಿದ್ದೆ ಬರುವುದಿಲ್ಲ.

ಅಪ್ಪನ ಅಪ್ಪನನ್ನು ನಾವು ಮುತ್ಯಾ ಎನ್ನುತ್ತಿದ್ದೆವು. ಅವನು ಬೀರಪ್ಪನ ಗುಡಿಯ ಹಿರಿಯ. ಊರಿನ ಜಗಳಗಳು ಅವನ ಮುಂದೆ ಬರುತ್ತಿದ್ದವು, ತೀರ್ಮಾನ ಮಾಡಲು ಅವನಿಗೆ ಬೇಕಾಗಿದ್ದದ್ದು ಒಂದು ಕರಿ ಕಂಬಳಿ ಮತ್ತು ಒಂದು ಚಿಟಿಕೆ ಭಂಡಾರ, ಅಂದರೆ ದೇವರ ಅರಿಶಿನ. ಕಂಬಳಿ ಹಾಸಿ ಅದರ ಮೇಲೆ ಭಂಡಾರ ಚೆಲ್ಲಿದರೆ ಅದು ದೇವರ ಗದ್ದುಗೆ. ಅಲ್ಲಿ ಕೂತು ಯಾರೂ ಸುಳ್ಳು ಹೇಳುವಂತಿರಲಿಲ್ಲ. ಒಮ್ಮೆ ಪಕ್ಕದ ಮನೆಯವರ ಟಗರನ್ನು ಅಡಗಿಸಿಟ್ಟ ಒಬ್ಬ ಆಳೆತ್ತರದ ಗಂಡಸು ಕಂಬಳಿ ತುಳಿಯಲು ಒಂದು ಕಾಲು ಎತ್ತಿ, ಇಡಲಾರದೆ, ಕೊಕ್ಕರೆಯ ಹಾಗೆ ನಿಂತು ಅತ್ತದ್ದನ್ನು ನಾನು ನೋಡಿದ್ದೇನೆ. ನಾವು ಮಕ್ಕಳೆಲ್ಲ ನಕ್ಕೆವು. ಮುತ್ಯಾ ನಗಲಿಲ್ಲ, ಅವನ ಭುಜ ಹಿಡಿದು ಕಾಲು ಕೆಳಗಿಳಿಸಿದ.

ಅಣೆಕಟ್ಟಿನ ಸಾಹೇಬರು ಊರಿಗೆ ಬಂದ ದಿನ ಮುತ್ಯಾ ಅದೇ ಕಂಬಳಿ ಹಾಸಿದ. ಅಷ್ಟು ಹೊತ್ತಿಗೆ ಊರಲ್ಲಿ ಅರ್ಧ ಜನ ಬಾಗಿಲು, ತೊಲೆ ಕಿತ್ತು ಮೇಲಿನ ನೆಲಕ್ಕೆ ಸಾಗಿಸಲು ಶುರು ಮಾಡಿದ್ದರು. ಸಾಹೇಬರು ಒಳ್ಳೆಯ ಮನುಷ್ಯರ ಹಾಗೇ ಕಂಡರು. ಬೂಟು ಬಿಚ್ಚಿ, ಕಂಬಳಿಯ ನಡುವೆ ಕೂತು, ಮಜ್ಜಿಗೆ ಕುಡಿದರು. ನೀರು ಎಲ್ಲಿಯ ತನಕ ಬರುತ್ತದೆ ಎಂದು ಮುತ್ಯಾ ಕೇಳಿದ.

"ನಿಮ್ಮ ಗುಡಿಯ ಮೆಟ್ಟಿಲೂ ನೆನೆಯೋದಿಲ್ಲ ಯಜಮಾನರೇ, ಧೈರ್ಯವಾಗಿರಿ" ಎಂದರು ಅವರು.

ಅವರಿಗೆ ಅದು ಕೂರಲು ಹಾಸಿದ ಒಂದು ಕಂಬಳಿ. ನಮಗೆ ಅದು ಆಣೆ. ಇದನ್ನು ಅವರಿಗೆ ಹೇಳಬೇಕೆಂದು ನಮ್ಮವರಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. ಗೊತ್ತಿಲ್ಲದವರೂ ಇರುತ್ತಾರೆ ಎಂಬುದೇ ನಮಗೆ ಗೊತ್ತಿರಲಿಲ್ಲ. ಅವರ ಜೀಪು ಹೋದ ಮೇಲೆ ಮುತ್ಯಾ ಮನೆಮನೆಗೆ ಹೋದ. ಕಂಬಳಿಯ ಮೇಲೆ ಕೂತು ಹೇಳಿದ್ದಾರೆ, ಇನ್ನೇನು ಬೇಕು ಎಂದು ಕಿತ್ತ ಬಾಗಿಲುಗಳನ್ನು ಮತ್ತೆ ಹಾಕಿಸಿದ.

ನೀರು ಸದ್ದು ಮಾಡಿಕೊಂಡು ಬರಲಿಲ್ಲ. ದಿನಕ್ಕೊಂದು ಗೇಣು ಬಂತು. ಮೆಟ್ಟಿಲು ಹತ್ತಿತು, ಗುಡಿಯ ಹೊಸ್ತಿಲು ದಾಟಿತು, ಆಮೇಲೆ ನಮ್ಮ ಪಡಸಾಲೆಗೆ ಬಂದು ಮಗ್ಗದ ಕುಣಿ ತುಂಬಿತು. ಜನ ಮೊಣಕಾಲುದ್ದ ನೀರಲ್ಲಿ ಎತ್ತು ಹೂಡಿ ಸಿಕ್ಕಿದ್ದನ್ನು ಎಳೆದರು, ತೊಲೆಗಳು ಹಾಗೇ ಉಳಿದವು. ಮುತ್ಯಾನನ್ನು ಯಾರೂ ಬೈಯಲಿಲ್ಲ. ಬೈದಿದ್ದರೆ ಅವನು ಇನ್ನಷ್ಟು ದಿನ ಬದುಕುತ್ತಿದ್ದ ಎಂದು ನನಗೆ ಅನಿಸುತ್ತದೆ. ಹೊಸ ಊರಲ್ಲಿ ಕುರಿಗೆ ಬಯಲಿರಲಿಲ್ಲ, ಮಾರಿದೆವು. ಜಗಳ ತೀರಿಸಿಕೊಡು ಎಂದು ಬಂದವರನ್ನು ಅವನು ಅಂಗಳದಿಂದಲೇ ಕಳಿಸಿದ. ಒಂದು ದಿನ ಅವ್ವ ಊಟಕ್ಕೆ ಬಡಿಸುತ್ತಿದ್ದಾಗ, "ನನ್ನ ಮಾತು ನಂಬಿ ಮಂದಿ ಮುಳುಗಿದ್ರವಾ" ಎಂದ. ಅಷ್ಟೇ. ಸಾಯುವಾಗ ಬರಿಯ ನೆಲದ ಮೇಲೆ ಮಲಗಿದ್ದ, ಕಂಬಳಿ ಹಾಸಗೊಡಲಿಲ್ಲ. ಆ ಸಾಹೇಬರನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ. ಅವರು ಬೇಕೆಂದೇ ಸುಳ್ಳು ಹೇಳಿರಲಿಕ್ಕಿಲ್ಲ. ಆದರೆ ಗೊತ್ತಿಲ್ಲ ಎಂಬ ಒಂದು ಮಾತು ಹೇಳಲು ಅವರ ಬಾಯಿಗೆ ಏನಾಗಿತ್ತು?

ಅವ್ವ ಕಂಬಳಿ ತೆಗೆದ ಮರುದಿನ ಬಂದ ಅಣುಸ್ಥಾವರದ ಅಧಿಕಾರಿಗೂ ಆ ಮಾತು ಬರುತ್ತಿರಲಿಲ್ಲ. ಶಾಮಿಯಾನದ ಕೆಳಗೆ ನಿಂತು, ಬಣ್ಣದ ಹಾಳೆ ಹಂಚಿ, ಸಂಪೂರ್ಣ ಸುರಕ್ಷಿತ ಎಂದು ಎಷ್ಟು ಸಲ ಹೇಳಿದನೋ. ಯಂತ್ರ ತಣಿಸಲು ಮಾತ್ರ ಹಿನ್ನೀರು ತೆಗೆದುಕೊಂಡು ಮತ್ತೆ ಬಿಡುತ್ತೇವೆ ಎಂದ. ಬಿಸಿ ನೀರು ಬಿಟ್ಟರೆ ಮೀನಿನ ಗತಿ ಏನು ಎಂದು ಒಬ್ಬ ಕೇಳಿದ. ಸ್ಥಾವರದ ಬೇಲಿ ಎಲ್ಲಿಯ ತನಕ ಬರುತ್ತದೆ, ಇಲ್ಲಿಯ ಹಾಲು, ಜೋಳ ಯಾರು ಕೊಳ್ಳುತ್ತಾರೆ, ಇದು ಮುಗಿದ ಮೇಲೆ ಇನ್ನೊಂದು ಕಟ್ಟುತ್ತೀರೇನು, ಏನಾದರೂ ಆದರೆ ಎಲ್ಲಿಗೆ ಓಡಬೇಕು ಎಂದು ಉಳಿದವರು ಕೇಳಿದರು. ಎಲ್ಲದಕ್ಕೂ ಅವನ ಹತ್ತಿರ ನಗುಮುಖದ ಉತ್ತರ ಇತ್ತು. ನನ್ನ ಹೊಲಿಗೆ ಯಂತ್ರವೂ ಕರೆಂಟಿನಿಂದಲೇ ಓಡುತ್ತದೆ, ಕರೆಂಟು ಹೋದರೆ ನಾನೂ ಶಾಪ ಹಾಕುವವಳೇ. ಆದರೆ ದೇಶಕ್ಕೆ ಏನು ಬೇಕಾದರೂ ನಮ್ಮ ಮನೆಯ ವಿಳಾಸವೇ ಯಾಕೆ ನೆನಪಾಗುತ್ತದೆ? ಅದೂ ಒಂದು ಸಲ ಎಲ್ಲ ಕೊಟ್ಟು ಬಂದವರ ವಿಳಾಸ.

ಅಷ್ಟರಲ್ಲಿ ಅವ್ವ ಮುಂದೆ ಬಂದು ಕಂಬಳಿ ಹಾಸಿ ಭಂಡಾರ ಚೆಲ್ಲಿದಳು. ನನಗೆ ನಾಚಿಕೆಯಾಯಿತು, ಮತ್ತೆ ಮೋಸ ಹೋಗುತ್ತಿದ್ದಾಳೆ ಎಂದುಕೊಂಡೆ. ಅಧಿಕಾರಿ ನಗುತ್ತಾ ಬೂಟಿನ ದಾರ ಬಿಚ್ಚಲು ಬಗ್ಗಿದ.

"ತಡೀರಿ ಸಾಹೇಬ್ರ, ಇದು ನಿಮಗ ಹಾಸಿದ್ದಲ್ಲ" ಎಂದಳು ಅವ್ವ. ಮೊಣಕಾಲು ಹಿಡಿದುಕೊಂಡು ನಿಧಾನವಾಗಿ ತಾನೇ ಅದರ ಮೇಲೆ ಕೂತಳು. "ಇದರ ಮ್ಯಾಲ ಕುಂತು ನಮ್ಮ ಮಂದಿ ಸುಳ್ಳ ಹೇಳಂಗಿಲ್ಲ. ಅದಕ್ಕ ನಾ ಕುಂತು ಹೇಳ್ತೇನಿ. ಒಂದು ಊರು ನೀರಿಗೆ ಕೊಟ್ಟೇವಿ. ಇನ್ನ ನಾ ಜೀವ ಇರೂತನಕ ಈ ಊರ ಬಿಟ್ಟು ಒಂದು ಹೆಜ್ಜಿ ಹೊರಗ ಇಡಂಗಿಲ್ಲ."

ಅಧಿಕಾರಿ ಪುಸ್ತಕದಲ್ಲಿ ಏನೋ ಬರೆದುಕೊಂಡ. ಅವನಿಗೆ ಅದು ಒಬ್ಬ ಮುದುಕಿಯ ಹಟ. ನನಗೆ ಮಾತ್ರ ಅದು ಮುರಿಯಲಾಗದ ಆಣೆ. ಬಾದಾಮಿಯಲ್ಲಿ ಆಕೆಗೆಂದು ನಾನು ಹಿಂದಿನ ಕೋಣೆಗೆ ಸುಣ್ಣ ಹೊಡೆಸಿ ಬಂದಿದ್ದೆ. ಅದನ್ನು ಆಕೆಗೆ ಹೇಳಲೇ ಇಲ್ಲ.

ಬಸ್ಸು ನಿಲ್ಲುವುದು ಊರ ಹೊರಗೆ, ದೊಡ್ಡ ರಸ್ತೆ ಸೇರುವಲ್ಲಿ. ನಾನು ಹೊರಟಾಗಲೆಲ್ಲ ಅವ್ವ ಅಲ್ಲಿಯ ತನಕ ಬಂದು, ನನ್ನ ಚೀಲ ಕಿಟಕಿಯೊಳಗೆ ತುರುಕಿಯೇ ಮರಳುತ್ತಿದ್ದಳು. ಅವತ್ತು ಊರಿನ ಕೊನೆಯ ಮನೆ ಬಂದಾಗ ಚೀಲವನ್ನು ನನ್ನ ಕೈಗೆ ಕೊಟ್ಟಳು.

"ನೀ ಹೋಗವಾ. ನಾ ಇಲ್ಲೇ ನಿಂತು ನೋಡ್ತೇನಿ."

ಬಸ್ಸು ಬರುವ ತನಕ ಆಕೆ ಆ ಮನೆಯ ಗೋಡೆಗೆ ಕೈ ಊರಿ ನಿಂತೇ ಇದ್ದಳು. ನಾನು ಹತ್ತಿ ಕೂತೆ. ಎಷ್ಟು ಮಂದಿ ಎಂದು ಕಂಡಕ್ಟರ್ ಕೇಳಿದ. ಒಬ್ಬಳೇ ಎಂದೆ.