ಪೂರ್ವಕ್ಕೆ ಮುಖ ಮಾಡಿದ ಅಂಕಣ

ಹಾವೇರಿಯಲ್ಲಿ ನಾನು ಟೆನಿಸ್ ಕಲಿಸುವವನು ಎಂದು ಹೇಳಿಕೊಂಡರೆ ಜನ ಮೊದಲು ನನ್ನ ಮುಖ ನೋಡುತ್ತಾರೆ. ಆಮೇಲೆ, "ಅದಿರ್ಲಿ ಸರ್, ನೌಕರಿ ಏನ್ ಮಾಡ್ತೀರಿ?" ಎಂದು ಕೇಳುತ್ತಾರೆ. ಮೂವತ್ತು ವರ್ಷದಿಂದ ಇದೇ ನೌಕರಿ. ಕಾಲೇಜಿನಲ್ಲಿ ದೈಹಿಕ ಶಿಕ್ಷಣದ ಮೇಷ್ಟ್ರು, ಟೆನಿಸ್ ತಂಡಕ್ಕೆ ಮುಖ್ಯ ತರಬೇತುದಾರ. ಮುಖ್ಯ ಎಂದು ಬರೆದುಕೊಳ್ಳುವುದು ನನ್ನ ಚಪಲ. ನನ್ನ ಕೆಳಗೆ ಯಾರೂ ಇರಲಿಲ್ಲ.

ನಮ್ಮ ಕಡೆ ಕಬಡ್ಡಿ ಎಂದರೆ ಊರೇ ಏಳುತ್ತದೆ, ಕುಸ್ತಿ ಎಂದರೆ ಪಕ್ಕದ ಊರೂ ಬರುತ್ತದೆ, ಕ್ರಿಕೆಟ್ ಬಗ್ಗೆ ಹೇಳುವುದೇ ಬೇಡ. ಟೆನಿಸ್ ಎಂದರೆ ನಾನೊಬ್ಬನೇ. ಅದೂ ಎದುರಿಗೆ ಇನ್ನೊಬ್ಬರಿಲ್ಲದೆ ಆಡಲಾಗದ ಆಟ. ರಜೆ ಬಂದರೆ, ಪರೀಕ್ಷೆ ಬಂದರೆ, ನಾನು ರ‍್ಯಾಕೆಟ್ ಹಿಡಿದು ಗ್ರಂಥಾಲಯದ ಹಿಂದಿನ ಗೋಡೆಗೆ ಚೆಂಡು ಹೊಡೆಯುತ್ತ ನಿಲ್ಲುತ್ತಿದ್ದೆ. ಗ್ರಂಥಪಾಲಕರು ಒಂದು ದಿನ ಕಿಟಕಿ ತೆರೆದು, "ಸರ್, ಒಳಗ ಹುಡುಗ್ರು ಓದಾಕತ್ತಾರ. ಗ್ವಾಡಿ ಬಿಟ್ಟು ಬ್ಯಾರೆ ಯಾರರ ಜೋಡಿ ಆಡ್ರಿ," ಎಂದರು. ಬೇರೆ ಯಾರಾದರೂ ಇದ್ದಿದ್ದರೆ ನಾನೇಕೆ ಗೋಡೆಯ ಜೊತೆ ಆಡುತ್ತಿದ್ದೆ? ಮದುವೆಯಾಗಿರಲಿಲ್ಲ. ಕೋಣೆಗೆ ಹೋದರೆ ಅಲ್ಲಿಯೂ ಗೋಡೆಯೇ.

ನಮ್ಮ ಟೆನಿಸ್ ಕೋರ್ಟಿನ ಕಥೆಯನ್ನು ಇಲ್ಲಿ ಹೇಳಲೇಬೇಕು. ಎಲ್ಲ ತಪ್ಪೂ ಅಲ್ಲಿಂದಲೇ ಶುರುವಾಯಿತು. ನಾನು ಸೇರಿದ ಹೊಸದರಲ್ಲಿ ಕಾಲೇಜಿನ ಆಡಳಿತ ಮಂಡಳಿಯ ಅಧ್ಯಕ್ಷರಿಗೆ ಒಂದು ಟೆನಿಸ್ ಕೋರ್ಟು ಆಗಲೇಬೇಕು ಎನ್ನಿಸಿತು. ಬೇರೆ ಊರಿನ ಕಾಲೇಜಿನಲ್ಲಿ ನೋಡಿ ಬಂದಿದ್ದರು, ಅಷ್ಟೇ ಕಾರಣ. ಕೋರ್ಟು ಉತ್ತರ-ದಕ್ಷಿಣವಾಗಿ ಇರಬೇಕು, ಇಲ್ಲದಿದ್ದರೆ ಬೆಳಿಗ್ಗೆ ಸಂಜೆ ಬಿಸಿಲು ಆಡುವವರ ಕಣ್ಣಿಗೇ ಹೊಡೆಯುತ್ತದೆ. ಇದು ನಿಯಮದ ಪುಸ್ತಕದಲ್ಲಿತ್ತು. ಆ ಪುಟಕ್ಕೆ ಹೆಬ್ಬೆರಳು ಇಟ್ಟುಕೊಂಡೇ ನಾನು ಮೈದಾನಕ್ಕೆ ಹೋಗಿದ್ದೆ. ಅಧ್ಯಕ್ಷರು ವಾಸ್ತು ನೋಡುವ ಹಿರಿಯರೊಬ್ಬರನ್ನು ಕರೆತಂದಿದ್ದರು. ಅವರು ನಾಲ್ಕೂ ದಿಕ್ಕಿಗೆ ಕಣ್ಣಾಡಿಸಿ, "ದಿನಾ ದಕ್ಷಿಣಕ್ಕ ಮುಖ ಮಾಡಿ ಹುಡುಗ್ರು ಓಡ್ಯಾಡೋದು ಚಲೋ ಅಲ್ರಿ. ಪೂರ್ವ-ಪಶ್ಚಿಮ ಮಾಡಿಸ್ರಿ, ಒಳ್ಳೇದಾಕ್ಕತಿ," ಎಂದರು. ಅಧ್ಯಕ್ಷರು ನನ್ನ ಕಡೆ ತಿರುಗಿ, "ಏನ್ರಿ ಸರ್, ನಡೀತೈತಿಲ್ಲೋ?" ಎಂದರು. ನನ್ನ ನೌಕರಿ ಕಾಯಂ ಆಗುವ ಕಾಗದ ಆಗ ಅವರ ಮೇಜಿನ ಮೇಲಿತ್ತು. "ನಡೀತೈತ್ರಿ," ಎಂದೆ. ಪುಸ್ತಕ ಮುಚ್ಚಿದೆ.

ಸಂಜೆ ನಾಲ್ಕೂವರೆಗೆ ಅಭ್ಯಾಸ. ಪೂರ್ವದ ತುದಿಯಲ್ಲಿ ನಿಂತು ಸರ್ವ್ ಮಾಡುವವರಿಗೆ ಸೂರ್ಯ ನೇರ ಎದುರಿಗೆ. ಸರ್ವ್ ಮಾಡುವಾಗ ಚೆಂಡನ್ನು ತಲೆಗಿಂತ ಎತ್ತರ, ಕೈ ಪೂರ್ತಿ ಚಾಚಿದರೆ ಮುಟ್ಟುವಷ್ಟು ಮೇಲಕ್ಕೆ ಎಸೆದು ಹೊಡೆಯಬೇಕು. ನಮ್ಮಲ್ಲಿ ಹಾಗೆ ಮೇಲೆ ನೋಡಿದರೆ ಕಣ್ಣು ಕತ್ತಲೆ ಬರುತ್ತಿತ್ತು. ಅದಕ್ಕೆ ನಾನು ಒಂದು ಉಪಾಯ ಹುಡುಕಿದೆ. ಚೆಂಡನ್ನು ಹುಬ್ಬಿನ ಮಟ್ಟಕ್ಕಷ್ಟೇ ಎಸೆಯುವುದು, ಮೊಣಕೈ ಮಡಚಿ ಪಟ್ಟನೆ ಹೊಡೆಯುವುದು. ಮಕ್ಕಳು ಲಗುಬಗೆಯಿಂದ ಕಲಿತರು. ನಮ್ಮ ಕೋರ್ಟಿನಲ್ಲಿ ಪಂದ್ಯ ನಡೆದರೆ ಹೊರಗಿನವರು ಆಕಾಶ ನೋಡಿ ಕಣ್ಣುಜ್ಜಿಕೊಳ್ಳುತ್ತಿದ್ದರು, ನಾವು ಗೆಲ್ಲುತ್ತಿದ್ದೆವು. ಬ್ಯಾಡಗಿಯ ಕಾಲೇಜಿನಲ್ಲಿ ನನ್ನದೇ ಕೆಲಸ ಮಾಡುತ್ತಿದ್ದ ಗೆಳೆಯ, "ನಿಮ್ಮ ಟೀಮಿನ್ಯಾಗ ಮೂರು ಮಂದಿ ಅದಾರ ಬಿಡ್ರಿ. ಇಬ್ರು ಹುಡುಗ್ರು, ಒಬ್ಬ ಸೂರ್ಯ," ಎಂದು ಕಾಡಿಸುತ್ತಿದ್ದ. ಅವನ ಕಡೆಯದೇನು ಕಡಿಮೆಯೇ? ಮೆಣಸಿನಕಾಯಿ ಮಾರುಕಟ್ಟೆಗೆ ಬರುವ ದಿನಗಳಲ್ಲಿ ಬ್ಯಾಡಗಿಗೆ ಆಡಲು ಹೋದರೆ ಗಾಳಿಯಲ್ಲೇ ಘಾಟು. ಹೊಡೆಯುವ ಹೊತ್ತಿಗೆ ಸರಿಯಾಗಿ ಸೀನು. ಸೀನಿದರೆ ಆ ಪಾಯಿಂಟ್ ಮತ್ತೆ ಆಡಬೇಕು ಎಂದು ನಾವಿಬ್ಬರೇ ಒಂದು ನಿಯಮ ಮಾಡಿಕೊಂಡಿದ್ದೆವು.

ಅಂಗಳದ ಹುಲಿಗಳಾಗಿ ನಾವು ಸುಖವಾಗಿದ್ದೆವು. ಆಗ ಅವಳು ಬಂದಳು.

ಕರ್ಜಗಿಯ ಹುಡುಗಿ. ಬಿ.ಎ. ಮೊದಲ ವರ್ಷ. ವಾಲಿಬಾಲ್ ತಂಡಕ್ಕೆ ಸೇರಲು ಹೋಗಿ, ಗಿಡ್ಡಿ ಎಂದು ಕಳಿಸಿದ್ದರಂತೆ. ನೇರ ನನ್ನ ಬಳಿ ಬಂದು, "ಸರ್, ಇದಕ್ಕರ ಎತ್ತರ ಬೇಕಾಗಂಗಿಲ್ಲಲ್ರಿ?" ಎಂದು ಕೇಳಿದಳು. ಬೇಕಾಗುತ್ತದೆ ಎನ್ನಲು ಬಾಯಿ ಬರಲಿಲ್ಲ. ಒಂದು ತಿಂಗಳಿಗೆ ನನ್ನ ಹೊಡೆತಗಳನ್ನು ಹಿಂದಿರುಗಿಸತೊಡಗಿದಳು. ವರ್ಷ ತುಂಬುವ ಹೊತ್ತಿಗೆ ನನ್ನನ್ನು ಓಡಿಸತೊಡಗಿದಳು. ಅವಳೂರಿನ ಬಸ್ಸು ಬರುವವರೆಗೆ ಆಡುತ್ತಿದ್ದೆವು. ನಾನು ಬೈಯುತ್ತಿದ್ದೆ. ನನಗೆ ಮೂಗಿನ ತುದಿಯಲ್ಲೇ ಸಿಟ್ಟು. ಅವಳು ಬೈಸಿಕೊಂಡು, ಹಣೆ ಒರೆಸಿಕೊಂಡು, "ಇನ್ನೊಂದು ಆಡೂಣ್ರಿ ಸರ್," ಎನ್ನುತ್ತಿದ್ದಳು. ನಾನು ಇಲ್ಲಿ ಮುಚ್ಚುಮರೆ ಮಾಡುವುದಿಲ್ಲ. ಆ ಮೂರು ವರ್ಷ ನನಗೆ ಸಂಜೆ ಆಗುವುದನ್ನು ಕಾಯುವುದೇ ಒಂದು ಸಂತೋಷವಾಗಿತ್ತು. ಮಗಳಿದ್ದರೆ ಹೀಗಿರುತ್ತಿದ್ದಳೋ ಏನೋ ಎಂದುಕೊಂಡದ್ದೂ ಉಂಟು.

ಕೊನೆಯ ವರ್ಷ ಅವಳಿಗೆ ಧಾರವಾಡದಲ್ಲಿ ವಿಶ್ವವಿದ್ಯಾಲಯ ತಂಡದ ಆಯ್ಕೆ ಶಿಬಿರಕ್ಕೆ ಕರೆ ಬಂತು. ನಾನೂ ಜೊತೆಗೆ ಹೋಗಬೇಕಿತ್ತು. ಪರೀಕ್ಷೆಯ ಕೆಲಸವಿದೆ ಎಂದು ಹೇಳಿ ಉಳಿದುಕೊಂಡೆ. ನಿಜವಾಗಿ ಇದ್ದದ್ದು ಹೆದರಿಕೆ. ಅಲ್ಲಿಯ ದೊಡ್ಡವರು ಅವಳ ಸರ್ವ್ ನೋಡಿ, ಇದನ್ನು ಕಲಿಸಿದವರು ಯಾರು ಎಂದು ನನ್ನ ಕಡೆ ತಿರುಗಿದರೆ? ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಮ್ಮಲ್ಲಿ ನೆಲವೇ ಡೊಂಕಾಗಿತ್ತು. ಕುಣಿಯುವವಳಿಗೆ ಅದು ಗೊತ್ತಿರಲಿಲ್ಲ, ನಾನು ಹೇಳಿರಲಿಲ್ಲ.

ಅವಳು ಆಯ್ಕೆಯಾಗಲಿಲ್ಲ. ಎರಡು ದಿನ ಕಳೆದ ಮೇಲೆ ಸ್ಥಳೀಯ ಪತ್ರಿಕೆಯೊಂದರ ಮೂಲೆಯಲ್ಲಿ ಅವಳ ಬಗ್ಗೆ ನಾಲ್ಕು ಸಾಲು ಬಂತು. ಯಾರ ತರಬೇತಿಯೂ ಇಲ್ಲದೆ, ಸ್ವಂತ ಪ್ರಯತ್ನದಿಂದಲೇ ಆಯ್ಕೆ ಶಿಬಿರದವರೆಗೆ ಹೋದ ಕರ್ಜಗಿಯ ಯುವತಿ ಎಂದಿತ್ತು. ಅಧ್ಯಾಪಕರ ಕೋಣೆಯಲ್ಲಿ ಇತಿಹಾಸದ ಮೇಷ್ಟ್ರು ಅದನ್ನು ಎಲ್ಲರಿಗೂ ಕೇಳುವಂತೆ ಓದಿ, "ಯಾರ ತರಬೇತಿನೂ ಇಲ್ಲಂತಲ್ರಿ ಸರ್. ಮತ್ತ ನೀವು ಮೂರು ವರ್ಷ ದಿನಾ ಸಂಜೀಕ ಏನ್ ಮಾಡಿದ್ರಿ?" ಎಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ. ಆಮೇಲೆ ಕ್ರೀಡಾ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡು ಕುಳಿತೆ. ಮೈಯೆಲ್ಲ ಉರಿಯುತ್ತಿತ್ತು.

ಮರುದಿನ ಅವಳು ಬಂದಳು. ಕ್ರೀಡಾ ಕೋಣೆಯ ಕಿಟಕಿಯಿಂದ ಕಂಡೆ, ಕೈಯಲ್ಲಿ ಧಾರವಾಡ ಪೇಢೆಯ ಡಬ್ಬಿ. ಜವಾನನಿಗೆ, ನಾನಿಲ್ಲ ಎಂದು ಹೇಳು ಎಂದು ಹೇಳಿ ಒಳಗೆ ಅಗುಳಿ ಹಾಕಿಕೊಂಡೆ.

"ಸರ್ ಇಲ್ಲವಾ, ಹೊರಗ ಹೋಗ್ಯಾರ."

"ಸರ್ ಬೂಟು ಇಲ್ಲೇ ಅದಾವಲ್ರಿ ಕಾಕಾ?"

ಜವಾನ ಪಾಪ, ಸುಳ್ಳಿನಲ್ಲಿ ಪಳಗಿದವನಲ್ಲ. "ಚಪ್ಪಲಿ ಮ್ಯಾಲೆ ಹೋಗ್ಯಾರ," ಎಂದ. ಅವಳಿಗೆ ತಿಳಿಯಿತು. ಆದರೂ ಹೋಗಲಿಲ್ಲ. ಮೆಟ್ಟಿಲ ಮೇಲೆ ಕುಳಿತಳು. ನಾನು ಬಾಗಿಲ ಈಚೆ ಬಲೆಗಳ ರಾಶಿಯ ಮೇಲೆ ಕುಳಿತೆ. ನಡುವೆ ಒಂದು ಹಲಗೆ. ಅವಳು ಕೆಮ್ಮಿದ್ದು, ಬಳೆ ಸರಿಮಾಡಿಕೊಂಡದ್ದು ಎಲ್ಲ ಕೇಳುತ್ತಿತ್ತು. ಅವಳ ಬಸ್ಸಿನ ಹೊತ್ತಾಗುವವರೆಗೆ ಕುಳಿತು, ಡಬ್ಬಿಯನ್ನು ಜವಾನನ ಕೈಯಲ್ಲಿ ಕೊಟ್ಟು ಹೋದಳು. ಪೇಢೆ ಅವನೇ ತಿಂದ. ಆಮೇಲೆ ಎರಡು ಸಲ ಫೋನ್ ಬಂತು. ಹೆಸರು ನೋಡಿ ಮಗುಚಿ ಇಟ್ಟೆ. ಉಂಡ ಮನೆಯ ಜಂತಿ ಎಣಿಸಿದವಳು ಎಂದು ಮನಸ್ಸಿನಲ್ಲೇ ಬೈದುಕೊಂಡೆ.

ಇದಾಗಿ ಒಂಬತ್ತು ವರ್ಷ. ಈ ನಡುವೆ ಅವಳು ದೈಹಿಕ ಶಿಕ್ಷಣ ಓದಿ ರಾಣೆಬೆನ್ನೂರಿನ ಒಂದು ಕಾಲೇಜಿಗೆ ಸೇರಿದಳು, ಅಲ್ಲಿ ಟೆನಿಸ್ ತಂಡ ಕಟ್ಟಿದಳು ಎಂಬ ಸುದ್ದಿ ಬ್ಯಾಡಗಿಯ ಗೆಳೆಯನಿಂದ ಬರುತ್ತಿತ್ತು. "ನಿಮ್ಮ ಹುಡುಗಿ ಭಾಳ ಚಲೋ ಮಾಡಾಕತ್ತಾಳ್ರಿ," ಎನ್ನುತ್ತಿದ್ದ. ನಾನು ಮಾತು ತಿರುಗಿಸುತ್ತಿದ್ದೆ. ರಾಣೆಬೆನ್ನೂರಿನಲ್ಲಿ ಪಂದ್ಯವಿದ್ದರೆ ನನಗೆ ಜ್ವರ ಬರುತ್ತಿತ್ತು, ಸೊಂಟ ಹಿಡಿಯುತ್ತಿತ್ತು. ನನ್ನ ಹುಡುಗರನ್ನೂ ಅವನೇ ಕರೆದುಕೊಂಡು ಹೋಗಿ ಬರುತ್ತಿದ್ದ. ವರ್ಷ ಹೋದಂತೆ ಟೆನಿಸ್‌ಗೆ ಬರುವವರು ಕಡಿಮೆಯಾದರು. ಕೆಲವು ಸಂಜೆ ನಾನೊಬ್ಬನೇ ಬಲೆ ಕಟ್ಟಿ, ಸ್ವಲ್ಪ ಹೊತ್ತು ಕುಳಿತು, ನಾನೇ ಬಿಚ್ಚಿ ಬರುತ್ತಿದ್ದೆ. ಯಾರಾದರೂ ಯಾಕೆ ಸರ್ ಎಂದು ಕೇಳಿದ್ದರೆ ಅತ್ತುಬಿಡುತ್ತಿದ್ದೆ. ಯಾರೂ ಕೇಳಲಿಲ್ಲ.

ಈ ವರ್ಷ ಬ್ಯಾಡಗಿಯ ಗೆಳೆಯ ನಿವೃತ್ತನಾದ. ನನಗೆ ಉಳಿದಿರುವುದು ಇನ್ನು ಕೆಲವೇ ತಿಂಗಳು. ರಾಣೆಬೆನ್ನೂರಿನಲ್ಲಿ ಪಂದ್ಯ ಬಂತು. ಪ್ರಾಂಶುಪಾಲರು, "ಈ ಸಲ ಜ್ವರಕ್ಕ ರಜಾ ಇಲ್ರಿ," ಎಂದು ನಗುತ್ತಲೇ ಹೇಳಿದರು. ಇಬ್ಬರು ಹುಡುಗರನ್ನು ಕರೆದುಕೊಂಡು ಬಸ್ ಹತ್ತಿದೆ.

ಅವಳ ಕೋರ್ಟು ಉತ್ತರ-ದಕ್ಷಿಣವಾಗಿತ್ತು. ಹೊರಗಿನಿಂದಲೇ ಕಂಡಿತು. ಅವಳ ಹುಡುಗಿಯರು ಪಕ್ಕದಲ್ಲಿ ಅಭ್ಯಾಸ ಮಾಡುತ್ತಿದ್ದರು. ಚೆಂಡನ್ನು ಎತ್ತರಕ್ಕೆ ಎಸೆದು, ಕೈ ಪೂರ್ತಿ ಬಿಚ್ಚಿ ಹೊಡೆಯುತ್ತಿದ್ದರು. ನೋಡಲು ಎಷ್ಟು ಚೆಂದವಿತ್ತು! ನನ್ನ ಹುಡುಗರು ಹುಬ್ಬಿನ ಮಟ್ಟಕ್ಕೆ ಎಸೆದು ಪಟ್ಟನೆ ಹೊಡೆದಾಗ ಆ ಹುಡುಗಿಯರಲ್ಲಿ ಒಬ್ಬಿಬ್ಬರು ಬಾಯಿಗೆ ಕೈ ಅಡ್ಡ ಹಿಡಿದರು. ಅವಳ ಕಾಲೇಜಿನ ಹುಡುಗರ ಎದುರು ನಾವು ಸೋತೆವು. ಬೇಗನೆ ಸೋತೆವು.

ನಾನು ಬೆಂಚಿನ ಮೇಲೆ ಕುಳಿತಿದ್ದೆ. ಅವಳೇ ಎರಡು ಕಪ್ ಚಹಾ ಹಿಡಿದು ಬಂದಳು. ಮುಖ ತುಂಬಿಕೊಂಡಿತ್ತು, ಕೊರಳಲ್ಲಿ ಸೀಟಿ. ದೂರ ಬಿಟ್ಟು ಕುಳಿತಳು.

"ಆರಾಮ್ ಅದೀರೇನ್ರಿ ಸರ್?"

ಆರಾಮ ಎಂದು ಹೇಳಿ ಚಹಾ ಕುಡಿದು ಎದ್ದುಬರುವುದು ಎಂದೇ ನಿಶ್ಚಯ ಮಾಡಿಕೊಂಡು ಹೋಗಿದ್ದೆ. ಹುಟ್ಟುಗುಣ ಸುಟ್ಟರೂ ಹೋಗದು. "ಯಾರ ತರಬೇತಿನೂ ಇಲ್ಲ ಅಂತ ಹೇಳಿದೆಲ್ಲ, ಯಾಕ?" ಎಂದುಬಿಟ್ಟೆ.

ಅವಳು ಕೊರಳಿನ ಸೀಟಿ ತೆಗೆದು ಬೆಂಚಿನ ಮೇಲಿಟ್ಟಳು. ಆಮೇಲೆ ಹೇಳಿದಳು.

"ಧಾರವಾಡದಾಗ ಮೊದಲ್ನೇ ದಿನಾನ ನನ್ನ ಸರ್ವ್ ನೋಡಿ ನಕ್ರು ಸರ್. ಮತ್ತ ಮಾಡಿ ತೋರಿಸು ಅಂತ ಎಲ್ಲಾರ್ನೂ ಕರದ್ರು. ಯಾವ ಪುಣ್ಯಾತ್ಮ ಕಲಿಸಿದ ಇದನ್ನ ಅಂತ ಕೇಳಿದ್ರು. ಅಷ್ಟು ಮಂದ್ಯಾಗ ನಿಮ್ಮ ಹೆಸರು ಹೇಳ್ಬೇಕಿತ್ತೇನ್ರಿ? ಯಾರೂ ಕಲಿಸಿಲ್ಲ, ನಾನ ಕಲ್ತೇನಿ ಅಂದೆ. ಪೇಪರ್‌ನವ್ರು ಅಲ್ಲೇ ಇದ್ರು, ಬರಕೊಂಡ್ರು. ಅದನ್ನ ಹೇಳಾಕ ಬಂದಿದ್ದೆ ಅವತ್ತು. ನೀವು ಬಾಗಲಾ ತಗೀಲಿಲ್ಲ."

ಚಹಾದ ಕಪ್ ನನ್ನ ಕೈಯಲ್ಲೇ ಇತ್ತು. ಅದನ್ನು ಕೆಳಗಿಟ್ಟೆ.

"ಕೋರ್ಟಿನ ದಿಕ್ಕು ತಪ್ಪೈತಿ ಅಂತ ನನಗ ಮೊದಲಿಂದ ಗೊತ್ತಿತ್ತವಾ," ಎಂದೆ. ಮೂವತ್ತು ವರ್ಷದಲ್ಲಿ ಯಾರ ಮುಂದೆಯೂ ಹೇಳಿರಲಿಲ್ಲ.

"ನನಗ ಅಲ್ಲಿ ಗೊತ್ತಾತ್ರಿ. ಸಂಜಿ ಆಗಿತ್ತು, ಆದ್ರ ಕಣ್ಣಿಗೆ ಬಿಸಿಲ ಬರಲಿಲ್ಲ. ಓಹೋ, ಇಷ್ಟ ಏನು ಅಂತ ಚೆಂಡು ಮ್ಯಾಲೆ ಹಾಕಾಕ ಹ್ವಾದೆ. ಕೈನ ಏಳಲಿಲ್ಲ ಸರ್. ಮೂರು ವರ್ಷದ ರೂಢಿ."

ಸಿಟ್ಟು ಮಾಡಿದ್ದರೆ ಒಳ್ಳೆಯದಿತ್ತು. ಬೇರೆ ಯಾರದೋ ಸುದ್ದಿ ಹೇಳುವಂತೆ ಹೇಳಿದಳು. ಅಷ್ಟರಲ್ಲಿ ಅವಳ ತಂಡದ ಹುಡುಗಿಯೊಬ್ಬಳು ರ‍್ಯಾಕೆಟ್ ಅಂಗೈಗೆ ಬಡಿದುಕೊಳ್ಳುತ್ತ ಬಂದು, ನನ್ನನ್ನು ಕುತೂಹಲದಿಂದ ನೋಡಿ, "ಇವರ್ಯಾರ್ರಿ ಮೇಡಂ?" ಎಂದು ಕೇಳಿದಳು.

"ಹಾವೇರಿ ಟೀಮಿನ ಸರ್," ಎಂದಳು ಅವಳು. ಅಷ್ಟೇ. ಈ ಹುಡುಗಿಯೂ ಸ್ವಲ್ಪ ಹೊತ್ತಿಗೆ ಮೊದಲು ನಮ್ಮ ಸರ್ವ್ ನೋಡಿ ನಕ್ಕವಳೇ. ಒಂಬತ್ತು ವರ್ಷ ಕಳೆದರೂ ಅವಳು ಇನ್ನೂ ನನ್ನ ಮಾನ ಕಾಯುತ್ತಿದ್ದಳು.

ನನಗೆ ತಡೆಯಲಾಗಲಿಲ್ಲ. "ನಿಮ್ಮ ಮೇಡಂಗ ಆಟ ಕಲಿಸಿದಾಂವ ನಾನವಾ. ಸರ್ವ್ ತಪ್ಪು ಕಲಿಸಿದಾಂವನೂ ನಾನ," ಎಂದೆ.

ಹುಡುಗಿ ನಂಬಲಿಲ್ಲ. "ಇಲ್ರಿ ಸರ್, ನಮ್ಮ ಮೇಡಂ ಯಾರ ಕಡೆನೂ ಕಲ್ತಿಲ್ಲ. ತಾವ ಕಲ್ತಾರ. ಎಲ್ಲಾರಿಗೂ ಗೊತ್ತೈತಿ," ಎಂದು ತನ್ನ ಮೇಡಂ ಮುಖ ನೋಡಿದಳು.

ಅವಳು ನೆಲ ನೋಡುತ್ತ, ಮೆಲ್ಲಗೆ, "ಖರೇ ಐತಿ. ಇವರ ಕಲಿಸಿದ್ದು," ಎಂದಳು.

ಹುಡುಗಿಯ ಮುಖ ಅರಳಿತು. ಅವಳಿಗೆ ಇದರಲ್ಲಿ ಹಿಂದುಮುಂದು ಏನೂ ಗೊತ್ತಿರಲಿಲ್ಲ. "ಹೌದೇನ್ರಿ ಸರ್? ಮತ್ತ ನೀವು ಇಷ್ಟು ವರ್ಷ ಒಮ್ಮೆನೂ ಯಾಕ ಬಂದಿಲ್ರಿ?"

ಹುಡುಗಿಯ ಮೇಡಂ ಕೂಡ ತಲೆಯೆತ್ತಿ ನನ್ನ ಕಡೆ ನೋಡಿದಳು. ಉತ್ತರ ಅವಳಿಗೂ ಬೇಕಾಗಿತ್ತು. ರಾಣೆಬೆನ್ನೂರಿಗೂ ಹಾವೇರಿಗೂ ಬಸ್ಸಿನಲ್ಲಿ ಮುಕ್ಕಾಲು ಗಂಟೆ.